ನನ್ನ ಮಜ್ಜೆಯಲ್ಲಿ ಅಕ್ಕನ ಪಾಲು

ನನ್ನ ಮೈಯಲ್ಲಿ ಈಗ ಓಡುತ್ತಿರುವ ರಕ್ತದಲ್ಲಿ ಹೆಚ್ಚಿನ ಪಾಲು ನನ್ನದಲ್ಲ, ಅಕ್ಕ ಮಂಜುಳಾಳದು. ಇದು ಪ್ರೀತಿಗೆ ಹೇಳುವ ಮಾತಲ್ಲ, ಲ್ಯಾಬಿನ ವರದಿ. ಊರಿನವರ ದನಿಗಳನ್ನೆಲ್ಲ ಕದ್ದು ಹೆಸರು ಮಾಡಿದವನು ನಾನು. ಡೈರಿ ಕಾರ್ಯದರ್ಶಿ ಮಾತಿಗೆ ಮುಂಚೆ ಕೆಮ್ಮುವುದು, ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರ್ ಜಾಗವಿಲ್ಲದ ಕಡೆ ‘ಒಳಗೆ ಹೋಗಿ’ ಎನ್ನುವುದು, ಸ್ವಂತ ಅಪ್ಪ ಎಮ್ಮೆಯನ್ನು ಬೈಯುವ ನೆಪದಲ್ಲಿ ನನ್ನನ್ನು ಬೈಯುವುದು, ಯಾವುದನ್ನೂ ಬಿಟ್ಟವನಲ್ಲ. ಕೊನೆಗೆ ನನ್ನ ರಕ್ತವೂ ಇನ್ನೊಬ್ಬರದನ್ನು ಅನುಕರಿಸತೊಡಗಿತು ಎಂದು ಅಕ್ಕನ ಮುಂದೆ ಹೇಳಿದರೆ, “ಅನುಕರಣೆ ಅಲ್ಲ ಕಣೋ, ಅದು ಒರಿಜಿನಲ್ಲು. ನಕಲು ನೀನು” ಅಂದಳು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥದೇ ಒಂದು ವರದಿಯನ್ನು ಕೈಯಲ್ಲಿ ಹಿಡಿದು, ಅರ್ಥವಾಗದೆ, ಕೇಳಲು ಹೆದರಿ ಕೂತಿದ್ದರೆ ಇದನ್ನು ಅವರಿಗೆ ಕೊಡಿ. ನಾನು ಮಾಡಿದ ಒಂದು ದಡ್ಡತನವನ್ನೂ ಇದರಲ್ಲಿ ಬರೆದಿದ್ದೇನೆ. ಅವರು ಅದನ್ನು ಮಾಡದಿದ್ದರೆ ಸಾಕು.

ಶುರುವಾದದ್ದು ಮುಳಬಾಗಿಲಿನ ಒಂದು ಕಲ್ಯಾಣ ಮಂಟಪದಲ್ಲಿ. ಉಳಿದ ದಿನ ಕೋಲಾರದ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ, ಮದುವೆ ಕಾಲದಲ್ಲಿ ಮಿಮಿಕ್ರಿ, ಇದು ನನ್ನ ಕಸುಬು. ಆವತ್ತು ಮಧ್ಯಾಹ್ನ ಊಟದ ಪಂಕ್ತಿ ಏಳುವ ಹೊತ್ತಿಗೆ ನನ್ನ ಹೆಸರಾಂತ ಐಟಂ ನಡೆಯುತ್ತಿತ್ತು: ತಣ್ಣಗಾದ ಟಿಲ್ಲರನ್ನು ಸ್ಟಾರ್ಟ್ ಮಾಡುವ ಸದ್ದು. ಮೂರನೇ ಎಳೆತಕ್ಕೆ ಬಾಯಲ್ಲಿ ಏನೋ ಉಪ್ಪುಪ್ಪು. ಮೈಕಿನ ಮೇಲೆ ಕೆಂಪು ಹನಿ. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ, “ಎಲೆ ಅಡಿಕೆ ಹಾಕ್ಕೊಂಡೇ ಟಿಲ್ಲರ್ ಓಡುಸ್ತಾನಲ್ಲ, ಎಂಥಾ ಹುಡುಗ!” ಅಂದರು. ನಾನೂ ಅದನ್ನು ನಂಬಿದೆ. ನಾನು ಎಲೆ ಅಡಿಕೆ ಹಾಕುವುದಿಲ್ಲ ಅನ್ನುವುದು ಮನೆಗೆ ಬಂದಮೇಲೆ ನೆನಪಾಯಿತು.

ತೊಡೆಯ ಮೇಲೆ ಹೊಡೆತ ಬೀಳದೆಯೂ ನೀಲಿ ಕಲೆಗಳಿದ್ದವು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಅಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, “ಏಮಿರಾ ಇದಿ, ತೆಲ್ಲಗಾ ಉಂದಿ!” ಅಂದಳು. ಅಮ್ಮನ ತವರು ಆಂಧ್ರದ ಗಡಿ ಹತ್ತಿರ; ಹೆದರಿದಾಗ ತೆಲುಗಿಗೆ ಹೋಗಿಬಿಡುತ್ತಾಳೆ. ಅವಳು ತೆಲುಗಿನಲ್ಲಿ ‘ಬೆಳ್ಳಗಿದೆ’ ಅಂದ ಕೂಡಲೇ ನನಗೆ ಗೊತ್ತಾಯಿತು, ಇದು ಟಾನಿಕ್ಕಿಗೆ ಹೋಗುವ ಕಾಯಿಲೆ ಅಲ್ಲ.

ಕೋಲಾರದಲ್ಲಿ ರಕ್ತ ನೋಡಿದವರು ಇನ್ನೊಂದು ಸಲ ನೋಡಿದರು, ಆಮೇಲೆ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನನ್ನ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದ ಡಾಕ್ಟರಮ್ಮ ಮೆತ್ತಗೆ ಮಾತಾಡುವವರು. ಪ್ರತಿ ವಾಕ್ಯದ ಕೊನೆಗೆ ಒಂದು ಸಣ್ಣ ‘ಹಾಂ’ ಸೇರಿಸುತ್ತಿದ್ದರು. “ಕ್ಯಾನ್ಸರ್ ಅಲ್ಲ, ಹಾಂ. ಆದ್ರೆ ಮಜ್ಜೆ ಖಾಲಿಯಾಗಿದೆ. ರಕ್ತ ಹುಟ್ಟೋ ಜಾಗದಲ್ಲಿ ರಕ್ತ ಹುಟ್ತಿಲ್ಲ, ಹಾಂ.”

ಅಪ್ಪ ಹೋಳೂರಿನ ಕಡೆಯ ರೈತ, ರೇಷ್ಮೆ ಹುಳು ಸಾಕಿ ಬದುಕಿದವನು. ಅವನು, “ಅಂದ್ರೆ ಮೊಟ್ಟೇನೇ ಒಡೀತಿಲ್ಲ ಅನ್ನಿ” ಅಂದ. ಡಾಕ್ಟರು, “ಅದೇ, ಹಾಂ” ಅಂದರು. ಇಡೀ ಚಿಕಿತ್ಸೆಯಲ್ಲಿ ಅವರಿಬ್ಬರೇ ಒಬ್ಬರಿಗೊಬ್ಬರು ಸರಿಯಾಗಿ ಅರ್ಥವಾದವರು.

ಬೇರೆಯವರ ಮಜ್ಜೆ ಬೇಕು, ಹೊಂದಬೇಕು ಎಂದರು. ಅಕ್ಕನದು ಹೊಂದಿತು. ಅವಳು ಮಾಲೂರು ತಾಲ್ಲೂಕಿನ ಲಕ್ಕೂರಿಗೆ ಕೊಟ್ಟ ಹೆಣ್ಣು, ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಭಾವ ನಾಗರಾಜನದೂ ಅಲ್ಲೇ ಕೆಲಸ. ಹೊಂದಿತು ಎಂದು ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ: “ನನ್ನದು ಹಾಕಿದ್ಮೇಲಾದ್ರೂ ಇವನಿಗೆ ಬುದ್ಧಿ ಬರುತ್ತಾ?”

ವಾರ್ಡಿನ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಹಳೆಯ ಮಜ್ಜೆಯಲ್ಲಿ ಉಳಿದದ್ದನ್ನು ಔಷಧಿ ಹಾಕಿ ಹಣಿದರು, ಜಾಗ ಮಾಡಿದರು. ಸೊಂಟದ ಮೂಳೆಯಿಂದ ಮಜ್ಜೆ ಕೊಟ್ಟ ಅಕ್ಕ ಎರಡು ದಿನ ಬೋರಲು ಮಲಗಿದಳು. ಚೀಲದಲ್ಲಿ ಬಂದದ್ದು ನೋಡಲಿಕ್ಕೆ ಮಾಮೂಲಿ ರಕ್ತ; ಇಷ್ಟಕ್ಕೆ ಇಷ್ಟೊಂದು ಗಲಾಟೆಯೇ ಅನ್ನಿಸಿತು. ಮೊದಲ ವಾರ ನಾನು ಇನ್ನೂ ತರಲೆ. ಔಷಧಿ ಪಂಪು ಕೂಗುವ ‘ಟೀಂ ಟೀಂ’ ಸದ್ದನ್ನು ಮಾಡಿ ನರ್ಸಮ್ಮನನ್ನು ಓಡಿಬರುವಂತೆ ಮಾಡುತ್ತಿದ್ದೆ. ಆಕೆ ಕೇರಳದವರು. ಬೈದರೆ ಮಲಯಾಳದಲ್ಲಿ ಬೈಯುತ್ತಿದ್ದರು, ಅದನ್ನೂ ಕಲಿತೆ. ಆಮೇಲೆ ಬಾಯಿ ತುಂಬ ಹುಣ್ಣಾಗಿ ಎಂಜಲು ನುಂಗಲೂ ಆಗದ ದಿನಗಳು ಬಂದವು. ಒಂದು ಬೆಳಿಗ್ಗೆ ಆ ನರ್ಸಮ್ಮ ಬಾಗಿಲಲ್ಲಿ ನಿಂತು, “ಮೂರು ದಿವಸ ಆಯ್ತು, ನಿನ್ನ ಪಂಪ್ ಕೂಗಲಿಲ್ಲ. ನನಗೆ ಬೇಜಾರು” ಅಂದರು. ಯಾರೋ ನನ್ನ ಸದ್ದಿಗೆ ಕಾಯುತ್ತಿದ್ದಾರೆ ಅನ್ನುವುದು ಆ ದಿನ ಯಾವ ಔಷಧಿಗಿಂತಲೂ ಕಡಿಮೆಯಾಗಿರಲಿಲ್ಲ.

ಅಕ್ಕನ ಕೋಶಗಳು ಬೇರು ಬಿಟ್ಟವು. ಮೊದಲ ತಿಂಗಳ ವರದಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಅವಳದೇ. ರಕ್ತದ ಮಟ್ಟಿಗೆ ನಾನು ಹೆಣ್ಣು ಎಂದು ಡಾಕ್ಟರು ನಗುತ್ತ ಹೇಳಿದರು. ಭಾವ ಆಮೇಲೆ ನನ್ನನ್ನು ‘ನಾದಿನಿ’ ಎಂದೇ ಕರೆಯತೊಡಗಿದ.

ಮನೆಗೆ ಕಳಿಸುವಾಗ ಒಂದು ಷರತ್ತು: ಧೂಳಿಲ್ಲದ, ಜನ ಓಡಾಡದ, ಶುಚಿಯಾದ ಕೋಣೆ ಬೇಕು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ, ಹುಳದ ಮನೆ. ರೇಷ್ಮೆ ಸಾಕುವ ಮನೆಗಳಲ್ಲಿ ಮನುಷ್ಯರು ಹೇಗಾದರೂ ಇರುತ್ತಾರೆ, ಹುಳಗಳು ಮಾತ್ರ ಸಿಮೆಂಟು ನೆಲ, ಕಿಟಕಿಗೆ ಬಲೆ, ಬಾಗಿಲಲ್ಲಿ ಕಾಲು ಅದ್ದಲು ಔಷಧಿ ನೀರು ಅಂತ ರಾಜಠೀವಿಯಲ್ಲಿರುತ್ತವೆ. ಅಪ್ಪ ಎರಡು ಬೆಳೆ ಬಿಟ್ಟ. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಹೊರಗೆ ಹಾಕಿ, ತೊಳೆದು, ಸುಣ್ಣ ಬಳಿದು, ವಾರಗಟ್ಟಲೆ ಗಾಳಿಗೆ ಬಿಟ್ಟು, ನನ್ನ ಮಂಚ ಹಾಕಿದ. ಹುಳಕ್ಕಿದ್ದ ಕಾನೂನೇ ನನಗೂ. ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಆ ದಿನ ಬರುವಂತಿಲ್ಲ. ನನ್ನನ್ನು ನೋಡಲು ಕ್ಯಾಲನೂರಿನಿಂದ ಬಂದ ನೆಂಟರನ್ನು ಅಪ್ಪ ಅಂಗಳದಲ್ಲೇ ನಿಲ್ಲಿಸಿ, “ಕಿಟಕೀಲಿ ನೋಡ್ಕೊಂಡು ಹೋಗಿ, ಚೆನ್ನಾಗವ್ನೆ, ಮೇಯ್ತಾವ್ನೆ” ಅಂದ.

ಮೂರು ತಿಂಗಳಿಗೆ ಬೆಂಗಳೂರಿಗೆ ಹೋದಾಗ ಡಾಕ್ಟರ ‘ಹಾಂ’ ಸ್ವಲ್ಪ ತಡವಾಗಿ ಬಂತು. ಅಕ್ಕನ ಪಾಲು ಇಳಿದಿತ್ತು. ಐದರಲ್ಲಿ ಒಂದು ಭಾಗ ನನ್ನ ಹಳೆಯ ಕೋಶಗಳೇ ಎದ್ದು ಬಂದಿದ್ದವು.

“ಹಂಗಾದ್ರೆ ಇವನ ಹಳೇವನ್ನ ಆರಿಸಿ ಆಚೆ ಹಾಕೋಕಾಗಲ್ವಾ ಮೇಡಂ?” ಅಪ್ಪ ಕೇಳಿದ.

“ಆರಿಸೋಕೆ ನಾವು ಬೇಡ ಯಜಮಾನರೇ, ಅವೇ ಆರಿಸ್ಕೊಳ್ತವೆ, ಹಾಂ.” ಅವರು ಪೆನ್ನು ಕೆಳಗಿಟ್ಟು ಹೇಳಿದರು. ಎಲ್ಲರ ಮೈಯಲ್ಲೂ ಪಕ್ಕಪಕ್ಕದ ಕೋಶಗಳು ಒಂದನ್ನೊಂದು ತೂಗಿ ನೋಡುತ್ತಿರುತ್ತವಂತೆ. ಕುಗ್ಗಿದ್ದು ಕಂಡರೆ ಸುತ್ತಲಿನವು ಅದನ್ನು ಒತ್ತಿ ಹೊರಗೆ ಹಾಕಿ, ಆ ಜಾಗವನ್ನು ತಾವು ತುಂಬಿಕೊಳ್ಳುತ್ತವಂತೆ. ನಾವು ಹುಟ್ಟುವ ಮೊದಲಿನಿಂದಲೂ ಇದು ನಡೆದೇ ಇರುತ್ತದೆ. “ವಿಚಿತ್ರ ಏನು ಅಂದ್ರೆ, ಆ ಕುಗ್ಗಿದ ಕೋಶ ತನ್ನಂಥವುಗಳ ಮಧ್ಯೆ ಇದ್ದಿದ್ರೆ ಬದುಕ್ಕೊಳ್ತಿತ್ತು. ಗಟ್ಟಿಯಾದವುಗಳ ಪಕ್ಕ ಇರೋದಕ್ಕೇ ಹೋಗುತ್ತೆ. ಈಗ ಇವನ ಮಜ್ಜೆಯಲ್ಲೂ ಜಾಗಕ್ಕೆ ಅಂಥದೇ ಒಂದು ಪೈಪೋಟಿ ಇದೆ. ಅದರ ಜೊತೆಗೆ, ಇವನ ಹಳೇ ಕಾವಲು ಕೋಶಗಳು ಅಕ್ಕನವುಗಳ ಮೇಲೆ ಬೀಳಬಾರದು. ಅದಕ್ಕೇ ಈ ಮಾತ್ರೆ. ಬೆಳಿಗ್ಗೆ, ಸಂಜೆ. ತಪ್ಪಿಸಬಾರದು, ಹಾಂ.”

ಈ ಮಾತು ನಮ್ಮ ಮನೆಯಲ್ಲಿ ಮೂರು ಥರ ಅರ್ಥವಾಯಿತು.

ಅಮ್ಮನಿಗೆ ಅರ್ಥವಾದದ್ದು, ಮಂಜುಳಾ ಗಟ್ಟಿಯಾದರೆ ಅವಳ ಕೋಶಗಳೂ ಗಟ್ಟಿಯಾಗುತ್ತವೆ ಎಂದು. ನನಗೆ ಬೇಯಿಸಿದ ಸಪ್ಪೆ ಅನ್ನ; ಅಕ್ಕನಿಗೆ ಲಕ್ಕೂರಿಗೆ ತುಪ್ಪ, ರಾಗಿಹಿಟ್ಟು, ನಾಟಿ ಕೋಳಿ. “ಅಮ್ಮಾ, ನನ್ನೊಳಗಿರೋದಕ್ಕೆ ಅವಳು ತಿಂದಿದ್ದು ಹೆಂಗೆ ತಲುಪುತ್ತೆ?” ಅಂದರೆ, “ನಿಂಗೊತ್ತಿಲ್ಲ, ಸುಮ್ಕಿರು. ಒಂದೇ ಹೊಟ್ಟೇಲಿ ಹುಟ್ಟಿದ್ದು” ಅಂದಳು. ನಾವಿಬ್ಬರೂ ಜಗಳ ಆಡುವುದನ್ನೂ ನಿಷೇಧಿಸಿದಳು. ಹೊರಗೆ ಜಗಳ ಆದರೆ ಒಳಗೂ ಆಗುತ್ತದಂತೆ. ಅಕ್ಕ ಇದರ ಪೂರ್ತಿ ಲಾಭ ತೆಗೆದುಕೊಂಡಳು. ಫೋನು ಮಾಡಿ ಬೇಕಾದ್ದೆಲ್ಲ ಬೈದು, “ಈಗ ತಿರುಗಿ ಬೈಯೋ ನೋಡೋಣ” ಅನ್ನುತ್ತಿದ್ದಳು.

ಅಪ್ಪನಿಗೆ ಅದು ಹುಳದ ತಟ್ಟೆಯ ಹಾಗೆ ಅರ್ಥವಾಯಿತು.

ನನಗೆ ಅರ್ಥವಾದ ರೀತಿಯೇ ಅಪಾಯದ್ದು. ಆ ಐದರಲ್ಲಿ ಒಂದು ಭಾಗ ನಾನು ಎಂದು ಅನ್ನಿಸಿಬಿಟ್ಟಿತು. ಕೂದಲು ಉದುರಿ, ಆಮೇಲೆ ಮಾತ್ರೆಯ ದೆಸೆಯಿಂದ ಬೇಡದ ಕಡೆಯೆಲ್ಲ ಬೆಳೆದು, ಕೈ ನಡುಗಿ, ವಸಡು ಊದಿ, ಕನ್ನಡಿಯಲ್ಲಿ ಯಾವುದೋ ಕರಡಿ ಕೂತಂತೆ ಕಾಣುತ್ತಿತ್ತು. ರಕ್ತ ಅಕ್ಕನದು, ಮಂಚ ಹುಳದ್ದು. ಇಷ್ಟರ ನಡುವೆ ನನ್ನವೇ ಕೆಲವು, ಅಷ್ಟು ವಿಷ ಹಾಕಿ ಹಣಿದರೂ ಸಾಯದೆ, ತಲೆ ಎತ್ತಿದ್ದವು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ತಟ್ಟೆಯ ಮುಂದೆ ಕೂತು ಮಂಕಾದ ಹುಳುಗಳನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ಬಾಂಡ್ಲಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಆಗ ಒಂದು ದಿನವೂ ಕನಿಕರ ಆಗಿರಲಿಲ್ಲ. ಈಗ ಆಯಿತು. ಸಂಜೆಯ ಮಾತ್ರೆಯ ಪಟ್ಟಿ ಒಡೆದರೆ ಒಂದು ಕೆಟ್ಟ ವಾಸನೆ ಬರುತ್ತಿತ್ತು. ಅದನ್ನು ನುಂಗುವಾಗಲೆಲ್ಲ ನನ್ನವರಿಗೆ ನಾನೇ ಬಾಂಡ್ಲಿ ಹಿಡಿದಂತೆ ಅನ್ನಿಸುತ್ತಿತ್ತು. ಒಂದು ಸಂಜೆ ಬಿಟ್ಟೆ. ಏನೂ ಆಗಲಿಲ್ಲ. ಮಾರನೇ ದಿನವೂ ಬಿಟ್ಟೆ. ಕೈನಡುಕ ಕಡಿಮೆಯಾಯಿತು, ಖುಷಿಯಾಯಿತು. ಗೋಡೆಗೆ ನೇತುಹಾಕಿದ್ದ ಹಳೇ ಅಂಗಿಯ ಜೇಬಿನಲ್ಲಿ ಮಾತ್ರೆಗಳು ಸೇರುತ್ತ ಹೋದವು. ಎರಡು ವಾರ.

ಮುಂದಿನ ಸಲ ಆಸ್ಪತ್ರೆಗೆ ಅಕ್ಕ, ಭಾವ ನನ್ನ ಜೊತೆ ಬಂದಿದ್ದರು. ರಕ್ತದಲ್ಲಿ ಮಾತ್ರೆಯ ಅಂಶ ಎಷ್ಟಿದೆ ಅನ್ನುವುದನ್ನೂ ಅಲ್ಲಿ ಅಳೆಯುತ್ತಾರೆ. ಅದು ನನಗೆ ಗೊತ್ತಿತ್ತು, ಮರೆತಿದ್ದೆ. ಅಂಶ ತಳ ಮುಟ್ಟಿತ್ತು. ಅಕ್ಕನ ಪಾಲು ಇನ್ನಷ್ಟು ಇಳಿದಿತ್ತು.

“ಮಾತ್ರೆ ಸರಿಯಾಗಿ ತಗೋತಿದೀಯಾ?” ಡಾಕ್ಟರು ಕೇಳಿದರು.

“ತಗೋತಿದೀನಿ, ಹಾಂ” ಅಂದೆ ಅವರದೇ ದನಿಯಲ್ಲಿ. ಯಾವಾಗಲೂ ನಗುತ್ತಿದ್ದವರು ಆವತ್ತು ನಗಲಿಲ್ಲ. “ಮೈಗೆ ಹತ್ತುತ್ತಿಲ್ಲವೇನೋ. ಡೋಸ್ ಏರಿಸ್ತೀನಿ. ಇನ್ನೂ ಇಳಿದ್ರೆ ಅಕ್ಕನ ಹತ್ರ ಮತ್ತೆ ತಗೋಬೇಕಾಗುತ್ತೆ” ಎಂದು ಅಕ್ಕನ ಕಡೆ ತಿರುಗಿದರು. “ತಯಾರಿದೀರಾ?”

“ಯಾವಾಗ ಬೇಕಾದ್ರೂ” ಅಂದಳು ಅಕ್ಕ. ಭಾವ ನೆಲ ನೋಡುತ್ತಿದ್ದ.

ಅವಳು ಔಷಧಿ ಸಾಲಿನಲ್ಲಿ ನಿಂತಾಗ ಕ್ಯಾಂಟೀನಿನಲ್ಲಿ ಭಾವನನ್ನು ಕೇಳಿದೆ. “ಏನ್ ಭಾವ, ನಿಮ್ಮ ನಾದಿನಿ ಮೇಲೆ ಬೇಜಾರಾ?”

ಅವನು ಟೀ ಲೋಟ ತಿರುಗಿಸುತ್ತ ಕೂತ. ಆಮೇಲೆ, “ನಿಂಗೆ ಹೇಳ್ಬಾರ್ದು ಅಂದವ್ಳೆ. ಮಗು ಸದ್ಯಕ್ಕೆ ಬೇಡ ಅಂತವ್ಳೆ ಕಣೋ. ಬಸುರಿ ಆದ್ರೆ ಮಜ್ಜೆ ತೆಗೆಯೋಕಾಗಲ್ವಂತೆ. ನಿಂಗೆ ಇನ್ನೊಂದು ಸಲ ಬೇಕಾದ್ರೆ ಅಂತ ಕಾಯ್ತಾವ್ಳೆ. ಮದ್ವೆ ಆಗಿ ನಾಕು ವರ್ಷ ಆಯ್ತಲ್ಲ, ನಮ್ಮವ್ವ ದಿನಾ ಕೇಳ್ತಾಳೆ. ಕಾರಣ ಹೇಳ್ಬೇಡ, ನನ್ನ ತಮ್ಮನ ಮೇಲೆ ಮಾತು ಬರುತ್ತೆ ಅಂತಾಳೆ. ಎಲ್ಲಾ ಮಾತು ಅವಳೇ ತಿಂತಾವ್ಳೆ” ಅಂದ.

ಟೀ ಅಲ್ಲೇ ಬಿಟ್ಟು ಎದ್ದೆ. ನನ್ನ ಕೋಶಗಳ ಮೇಲೆ ನಾನು ಕನಿಕರ ಪಡುತ್ತಿದ್ದ ಎರಡು ವಾರ ಅವಳು ಲಕ್ಕೂರಿನಲ್ಲಿ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

ಸಾಲಿನಲ್ಲೇ ಹೋಗಿ ಅವಳಿಗೆ ಹೇಳಿದೆ. ಅಂಗಿ, ಜೇಬು, ಎರಡು ವಾರ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಸಾಲು ಬಿಟ್ಟು ಪಕ್ಕಕ್ಕೆ ಬಂದಳು, ಮುಖ ಒರೆಸಿಕೊಂಡಳು. “ಡಾಕ್ಟರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?”

ಮತ್ತೆ ಒಳಗೆ ಹೋದೆ. ಡಾಕ್ಟರು ಪೂರ್ತಿ ಕೇಳಿ, ಬರೆದಿದ್ದ ಚೀಟಿಯನ್ನು ಹರಿದು ಹಾಕಿದರು. “ಈಗ ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಡೋಸ್ ಏರಿಸಿ ನಿನ್ನ ಕಿಡ್ನಿ ನಾನೇ ಹಾಳು ಮಾಡ್ತಿದ್ದೆ.” ‘ಹಾಂ’ ಇರಲಿಲ್ಲ. ಓದುವವರು ಇದೊಂದನ್ನು ಮಾತ್ರ ನೆನಪಿಟ್ಟುಕೊಳ್ಳಿ: ಮಾತ್ರೆ ಬಿಟ್ಟರೆ ಬಿಟ್ಟೆ ಅಂತ ಹೇಳಿಬಿಡಿ. ನಾಚಿಕೆ ಒಂದು ಗಳಿಗೆಯದು.

ವಾಪಸ್ಸು ಬರುವಾಗ ಕಾರಿನಲ್ಲಿ ಹೊಸಕೋಟೆ ದಾಟಿದೆವು. ಅಕ್ಕ ಕೇಳಿದಳು: “ಅವುಗಳ ಮೇಲೆ ಅಷ್ಟು ಕನಿಕರ ಯಾಕೋ ನಿಂಗೆ?”

“ಅವು ನನ್ನವು ಕಣಕ್ಕಾ.”

“ನಿನ್ನವೇ. ಮೊದಲು ಕೈ ಕೊಟ್ಟಿದ್ದೂ ಅವೇ ಅಲ್ವೇನೋ? ನನ್ನವು ಕರೆದ್ರೆ ಬಂದ್ವು.” ನನ್ನ ಕಡೆ ತಿರುಗಿ, “ನಾನು ನಿನ್ನನ್ನ ಆಚೆ ಹಾಕೋಕೆ ಕೊಟ್ಟೆ ಅಂತ ಅನ್ಕೊಂಡ್ಯಾ?” ಅಂದಳು.

ಇಲ್ಲ ಅಂದೆ. ಆದರೆ ಎಲ್ಲೋ ಒಂದು ಕಡೆ ಹಾಗೇ ಅಂದುಕೊಂಡಿದ್ದೆ. ಅದನ್ನು ಇಲ್ಲಿ ಬರೆಯಬಹುದು. ಅವಳ ಮುಖಕ್ಕೆ ಹೇಳಲು ಈಗಲೂ ಆಗುವುದಿಲ್ಲ.

ರಕ್ತದ ಕೌಂಟು ಸ್ವಲ್ಪ ಸುಧಾರಿಸಿದ ಮೇಲೆ ಅಪ್ಪ ಅಂಗಳದ ಆಚೆಯ ಹಳೇ ಕೊಟ್ಟಿಗೆಯನ್ನು ತೊಳೆದು ಅಲ್ಲಿ ಮತ್ತೆ ಹುಳು ಇಟ್ಟ. ನಾನು ಒಳಗೆ ಹೋಗುವಂತಿರಲಿಲ್ಲ. ಮಾಸ್ಕು ಹಾಕಿಕೊಂಡು ಕಿಟಕಿಯ ಬಲೆಯ ಹೊರಗೆ ನಿಂತು ನೋಡುತ್ತಿದ್ದೆ. ಅಪ್ಪನ ಕಣ್ಣು ತಟ್ಟೆಯ ಮೇಲೆ ನಿಧಾನ ಹೋಗುತ್ತಿತ್ತು. ಹೊಳಪು ಕೆಟ್ಟು ಊದಿದ್ದನ್ನು ಎತ್ತಿ ಸುಣ್ಣಕ್ಕೆ ಹಾಕಿದ. ಆದರೆ ಕೆಲವನ್ನು ಎತ್ತಿ ಪಕ್ಕದ ಸಣ್ಣ ತಟ್ಟೆಗೆ ಬಿಡುತ್ತಿದ್ದ.

“ಅವು ಯಾಕಪ್ಪಾ ಅಲ್ಲಿ?”

“ರೋಗದ್ದು ಬೇರೆ, ಸಣ್ಣದು ಬೇರೆ” ಅಂದ, ತಲೆ ಎತ್ತದೆ. “ಇವಕ್ಕೆ ಏನೂ ಆಗಿಲ್ಲ, ಹಿಂದೆ ಬಿದ್ದವೆ ಅಷ್ಟೆ. ದಪ್ಪ ಹುಳದ ಜೊತೆ ಬಿಟ್ರೆ ಸೊಪ್ಪು ಸಿಗದೆ ಸೊರಗಿ ಸಾಯ್ತವೆ. ಬೇರೆ ಮಾಡಿ ಎಳೇ ಸೊಪ್ಪು ಹಾಕಿದ್ರೆ ಇವೂ ಗೂಡು ಕಟ್ತವೆ. ತೆಳ್ಳಗಿರ್ತದೆ. ಆದ್ರೂ ಗೂಡೇ ಅಲ್ವಾ?”

ಚಿಕ್ಕಂದಿನಲ್ಲಿ ನನ್ನ ಕಣ್ಣು ಬಾಂಡ್ಲಿಯ ಮೇಲೇ ಇತ್ತು, ಈ ಸಣ್ಣ ತಟ್ಟೆಯನ್ನು ನೋಡಿರಲೇ ಇಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ: ತನ್ನಂಥವುಗಳ ಮಧ್ಯೆ ಇದ್ದಿದ್ದರೆ ಬದುಕಿಕೊಳ್ಳುತ್ತಿತ್ತು. ಕಷ್ಟ ಇರುವುದು ಇಲ್ಲಿ. ಮೈಯೊಳಗೆ ಬೇರೆ ತಟ್ಟೆ ಇಲ್ಲ. ಇರುವ ಮಜ್ಜೆ ಇಷ್ಟೇ, ಅದರಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕು. ಏಳುವವರ ಮೇಲೆ ಅಲ್ಲಿ ಯಾರಿಗೂ ದ್ವೇಷವಿಲ್ಲ. ಸದ್ದಿಲ್ಲದೆ ಒಂದು ಕೋಶ ಹೋಗುತ್ತದೆ, ಸದ್ದಿಲ್ಲದೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ, ಹೊರಗೆ ಇದ್ದವನು ಮೂಗು ಕೆರೆಯುತ್ತ ಯಾರದೋ ದನಿ ಅನುಕರಿಸುತ್ತಿರುತ್ತಾನೆ. ಇದಕ್ಕೆ ಕನಿಕರ ಬೇಡವೆಂದಲ್ಲ. ನನ್ನ ಕನಿಕರದ ಖರ್ಚನ್ನು ಅಕ್ಕ ಹೊರಬೇಕಾಗಿ ಬಂದದ್ದು ತಪ್ಪು. ಆಸ್ಪತ್ರೆಯಲ್ಲಿ ತಪ್ಪು ಒಪ್ಪಿಕೊಂಡ ದಿನದಿಂದ ಸಂಜೆಯ ಮಾತ್ರೆಯನ್ನು ಅಮ್ಮನ ಕಣ್ಣೆದುರು ನುಂಗಿ, ಬಾಯಿ ಬಿಟ್ಟು ನಾಲಗೆ ಎತ್ತಿ ತೋರಿಸುತ್ತಿದ್ದೆ. “ಒಳಗೆ ಹೋಯ್ತಾ?” “ಹೋಯ್ತು.” “ಇನ್ನೊಂದು ಸಲ ತೆಗಿ.” ಕಂಡಕ್ಟರು ಟಿಕೆಟ್ ನೋಡಿದ ಹಾಗೆ.

ಕಾಯುವುದು ಉಳಿಯಿತು. ಒಂದು ವರದಿಯಿಂದ ಇನ್ನೊಂದು ವರದಿಗೆ. ಆಸ್ಪತ್ರೆಯ ಬೆಂಚಿನಲ್ಲಿ ಮಾಸ್ಕು ಹಾಕಿಕೊಂಡು ಕೂತವರಿಗೆ ಒಬ್ಬರಿಗೊಬ್ಬರ ಕಣ್ಣು ಮಾತ್ರ ಪರಿಚಯ. ಹೆಸರು ಕೇಳುವುದಿಲ್ಲ, “ನಿಮ್ಮದೆಷ್ಟನೇ ತಿಂಗಳು?” ಎಂದು ಕೇಳುತ್ತಾರೆ, ಎಲ್ಲರೂ ಬಸುರಿಯರೇ ಅನ್ನುವ ಹಾಗೆ. ಆ ತಮಾಷೆಯನ್ನು ನಾನು ಅಕ್ಕನೆದುರು ಮಾಡುವುದನ್ನು ಬಿಟ್ಟೆ.

ಮೂರು ತಿಂಗಳ ನಂತರದ ವರದಿಯಲ್ಲಿ ಅಕ್ಕನ ಪಾಲಿನ ಇಳಿಕೆ ನಿಂತಿತ್ತು. ಅದರ ಮುಂದಿನದರಲ್ಲಿ ಅಷ್ಟೇ ಇತ್ತು. ಅದರ ಮುಂದಿನದಕ್ಕೆ ಮತ್ತೆ ಅಕ್ಕ, ಭಾವ ಜೊತೆಗೆ ಬಂದರು. ನಾನು ಒಬ್ಬನೇ ಒಳಗೆ ಹೋದೆ. ಡಾಕ್ಟರು ಹಳೆಯ ಹಾಳೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರು.

“ಎರಡೂ ಇದಾವೆ. ಅಕ್ಕನವು ಹೆಚ್ಚು, ನಿನ್ನವು ಕಡಿಮೆ. ಒಂದನ್ನೊಂದು ದಬ್ಬೋದು ನಿಂತಿದೆ. ಕೌಂಟು ಚೆನ್ನಾಗಿದೆ, ಹಾಂ.”

“ಪೂರ್ತಿ ಅವಳದೇ ಆಗ್ಬೇಡ್ವಾ?”

“ಬೇಡ. ನಿನ್ನ ಕಾಯಿಲೆಗೆ ಹೀಗೇ ನಿಂತ್ರೂ ಸಾಕು. ಮಾತ್ರೆ ನಿಧಾನ ಇಳಿಸ್ತೀನಿ. ತಪಾಸಣೆಗೆ ನೀನು ಬರ್ತಾ ಇರಬೇಕು.” ಅವರು ಕನ್ನಡಕ ತೆಗೆದರು. “ಅಕ್ಕನ್ನ ಇನ್ನು ಕಾಯಿಸ್ಬೇಡಪ್ಪ.”

ಅವರಿಗೆ ಯಾರು ಹೇಳಿದ್ದರೋ ನಾನು ಕೇಳಲಿಲ್ಲ.

ಹೊರಗೆ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ತನ್ನ ರಕ್ತವೂ ಬೇಕಾದರೆ ತಡವಾಗಬಾರದು ಎಂದು ಚೂಡಿದಾರದ ತೋಳನ್ನು ಮೊಣಕೈವರೆಗೆ ಮಡಿಚಿಕೊಂಡೇ ಇದ್ದಳು. “ಏನಂದ್ರು?” ಎಂದು ಎದ್ದಳು. ಡಾಕ್ಟರ ದನಿ ನನಗೆ ಚೆನ್ನಾಗಿ ಬರುತ್ತದೆ. ಆವತ್ತು ಅದು ಬೇಡ ಅನ್ನಿಸಿತು.

“ನೀನಿನ್ನು ಬರೋದು ಬೇಡ್ವಂತೆ ಅಕ್ಕಾ.”

“ಬೇಡ ಅಂದ್ರೆ? ಈ ಸಲ ಬೇಡ್ವಾ?”

“ಯಾವ ಸಲಾನೂ ಬೇಡ್ವಂತೆ. ಕಾಯೋದು ಬೇಡ್ವಂತೆ.”

ಅವಳು ನನ್ನ ಮುಖ ನೋಡಿದಳು, ತಮಾಷೆಯೋ ಎಂದು. ಅಲ್ಲ ಎಂದು ತಿಳಿದ ಮೇಲೆ ಬೆಂಚಿನ ಮೇಲೆ ಕೂತುಕೊಂಡು ತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮಣಿಕಟ್ಟಿನವರೆಗೆ ಎಳೆದು, ಸುಕ್ಕು ಸವರಿ, ಗುಂಡಿ ಹಾಕಿಕೊಂಡಳು. ಆಮೇಲೆ ಭಾವನ ಕಡೆ ತಿರುಗಿ, “ಏಳಿ, ಮನೆಗೆ ಹೋಗೋಣ” ಅಂದಳು.